ಸಾವುಗಳನ್ನು ಎಣಿಸಬೇಕೋ, ವರ್ಷಗಳನ್ನೋ: ರೋಗಗಳ ಹೊರೆ ಅಳೆಯುವ ಮಾಪನಗಳ ಹೋಲಿಕೆ

2017ರಲ್ಲಿ ಭಾರತದ ಸುಮಾರು 19.7 ಕೋಟಿ ಜನರು, ಎಂದರೆ ಏಳು ಮಂದಿಯಲ್ಲಿ ಒಬ್ಬರು, ಒಂದಲ್ಲ ಒಂದು ಬಗೆಯ ಮಾನಸಿಕ ಕಾಯಿಲೆಯೊಡನೆ ಬದುಕುತ್ತಿದ್ದರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತನ್ನ ಸಹಭಾಗಿ ಸಂಸ್ಥೆಗಳೊಡನೆ ನಡೆಸಿದ ರಾಜ್ಯಮಟ್ಟದ ರೋಗಹೊರೆ ಅಧ್ಯಯನ ಅಂದಾಜಿಸಿತು. ಹಾಗಾದರೆ ದೇಶದ ಒಟ್ಟು ರೋಗಗಳ ಹೊರೆಯಲ್ಲಿ ಮಾನಸಿಕ ಕಾಯಿಲೆಗಳ ಪಾಲೆಷ್ಟು ಎಂದು ಕೇಳಿದರೆ ಅದೇ ಅಧ್ಯಯನ ಎರಡು ಉತ್ತರ ಕೊಡುತ್ತದೆ. ಅಕಾಲ ಮರಣವನ್ನೂ ಅನಾರೋಗ್ಯವನ್ನೂ ಕೂಡಿಸಿ ಅಳೆಯುವ ಡ್ಯಾಲಿ ಎಂಬ ಮಾಪನದಲ್ಲಿ ಆ ಪಾಲು ಶೇ. 4.7; ಅನಾರೋಗ್ಯದೊಡನೆ ಬದುಕಿದ ವರ್ಷಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಶೇ. 14.5. ಇನ್ನು ಸಾವುಗಳ ಪಟ್ಟಿಯಲ್ಲಿ ಹುಡುಕಿದರೆ ಈ ಕಾಯಿಲೆಗಳು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಏಕೆಂದರೆ ಆ ವರ್ಗೀಕರಣದಲ್ಲಿ ಆತ್ಮಹತ್ಯೆಯು ಗಾಯ ಮತ್ತು ಅಪಘಾತಗಳ ಗುಂಪಿಗೆ ಸೇರುತ್ತದೆ. ದೇಶ ಒಂದೇ, ವರ್ಷ ಒಂದೇ, ರೋಗಿಗಳೂ ಅವರೇ. ಅಳತೆಗೋಲು ಬದಲಾದೊಡನೆ ಕಾಯಿಲೆ ಮೂರು ಪಟ್ಟು ಹಿಗ್ಗುತ್ತದೆ, ಇಲ್ಲವೇ ಮಾಯವಾಗುತ್ತದೆ.

ಜಿಲ್ಲಾ ಆರೋಗ್ಯ ಯೋಜನೆ ಬರೆಯುವವರು, ಸಾರ್ವಜನಿಕ ಆರೋಗ್ಯ ಓದುತ್ತಿರುವ ವಿದ್ಯಾರ್ಥಿಗಳು, ಆರೋಗ್ಯ ವರದಿಗಳನ್ನು ಕನ್ನಡಕ್ಕೆ ತರುವ ಪತ್ರಕರ್ತರು ಈ ಅಳತೆಗೋಲುಗಳ ನಡುವೆ ದಿನನಿತ್ಯ ಆಯ್ಕೆ ಮಾಡುತ್ತಿರುತ್ತಾರೆ, ಬಹಳ ಸಲ ಹಾಗೆ ಆಯ್ಕೆ ಮಾಡುತ್ತಿದ್ದೇವೆಂಬ ಅರಿವಿಲ್ಲದೆಯೇ. ಎಲ್ಲದಕ್ಕಿಂತ ಮೇಲಾದ ಮಾಪನ ಯಾವುದು ಎಂದು ಹುಡುಕುವುದು ವ್ಯರ್ಥವೆಂಬುದು ನನ್ನ ಅಭಿಪ್ರಾಯ. ಮುಂದಿರುವ ತೀರ್ಮಾನ ಯಾವುದು, ಕೈಯಲ್ಲಿರುವ ದಾಖಲೆ ಎಂಥದು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮಾಪನದ ಆಯ್ಕೆ ತಾನಾಗಿ ಕಿರಿದಾಗುತ್ತದೆ.

ಎಣಿಕೆಯ ಮಾಪನಗಳು

ಅತಿ ಹಳೆಯ ಅಳತೆಯೆಂದರೆ ಸತ್ತವರ ಲೆಕ್ಕ. ಅದನ್ನು ಯಾರಿಗೂ ವಿವರಿಸಬೇಕಾಗಿಲ್ಲ, ತಾಲ್ಲೂಕು ಮಟ್ಟದಲ್ಲೂ ಸಿಗುತ್ತದೆ, ಅದರೊಳಗೆ ಯಾರ ಅಭಿಪ್ರಾಯವೂ ಬೆರೆತಿರುವುದಿಲ್ಲ. ಆದರೆ ಬರಿಯ ಮರಣ ಪ್ರಮಾಣವನ್ನು ಎರಡು ಊರುಗಳ ಆರೋಗ್ಯ ಹೋಲಿಸಲು ಬಳಸಿದರೆ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ಆಯ್ದ ಪ್ರದೇಶಗಳ ಜನನ-ಮರಣಗಳನ್ನು ದಾಖಲಿಸುವ ಸರ್ಕಾರಿ ಮಾದರಿ ನೋಂದಣಿ ವ್ಯವಸ್ಥೆಯ 2020ರ ಅಂಕಿಗಳೇ ಸಾಕು. ಆ ವರ್ಷ ಸಾವಿರ ಜನಸಂಖ್ಯೆಗೆ ಕೇರಳದಲ್ಲಿ 7.0 ಸಾವು, ಬಿಹಾರದಲ್ಲಿ 5.4. ಇದನ್ನೇ ನಂಬಿದರೆ ಆರೋಗ್ಯಕ್ಕಾಗಿ ಕೇರಳದವರು ಬಿಹಾರಕ್ಕೆ ವಲಸೆ ಹೋಗಬೇಕು. ಅದೇ ವರ್ಷದ ಶಿಶು ಮರಣ ಪ್ರಮಾಣ ಕೇರಳದಲ್ಲಿ ಸಾವಿರ ಜನನಕ್ಕೆ 6, ಬಿಹಾರದಲ್ಲಿ 27; ಕರ್ನಾಟಕದಲ್ಲಿ 19. ಕೇರಳದಲ್ಲಿ ಮುದುಕರು ಹೆಚ್ಚಿರುವುದರಿಂದ ಸಾವೂ ಹೆಚ್ಚು, ಅಷ್ಟೇ. ಆದ್ದರಿಂದ ಪ್ರದೇಶಗಳನ್ನು ಹೋಲಿಸುವಾಗ ವಯಸ್ಸಿನ ಹಂಚಿಕೆಯನ್ನು ಸಮಗೊಳಿಸಿದ ಪ್ರಮಾಣವನ್ನೇ ಬಳಸಬೇಕು. ಹಾಸಿಗೆ, ಔಷಧಿ, ಸಿಬ್ಬಂದಿ ಎಷ್ಟು ಬೇಕೆಂದು ಲೆಕ್ಕ ಹಾಕುವಾಗ ಮಾತ್ರ ಸಮಗೊಳಿಸದ ನಿಜವಾದ ಸಂಖ್ಯೆಯೇ ಬೇಕು, ಏಕೆಂದರೆ ಕೇರಳದ ಆಸ್ಪತ್ರೆಗೆ ಬರುವ ಹೃದ್ರೋಗಿ ಸಮಗೊಳಿಸಿದ ರೋಗಿಯಲ್ಲ. ಈ ಎರಡನೆಯ ಮಾತನ್ನು ಮರೆಯುವವರು ಮೊದಲನೆಯದನ್ನು ಮರೆಯುವವರಷ್ಟೇ ಇದ್ದಾರೆ.

ಹೊಸ ಪ್ರಕರಣಗಳ ಎಣಿಕೆ ಮತ್ತು ಸದ್ಯ ಇರುವ ರೋಗಿಗಳ ಎಣಿಕೆ ಒಂದೇ ಅಲ್ಲ. ಡೆಂಗಿ, ಹಾವಿನ ಕಡಿತ, ದಡಾರದಂಥವಕ್ಕೆ ಹೊಸ ಪ್ರಕರಣಗಳ ಲೆಕ್ಕ ಬೇಕು; ಮಧುಮೇಹ, ರಕ್ತಹೀನತೆ, ಸ್ಕಿಜೋಫ್ರೇನಿಯಾದಂಥವಕ್ಕೆ ಸದ್ಯ ಎಷ್ಟು ಜನರಿದ್ದಾರೆ ಎಂಬ ಲೆಕ್ಕ ಬೇಕು. ಚಿಕಿತ್ಸೆ ಚೆನ್ನಾಗಿ ಸಿಕ್ಕಿ ಮಧುಮೇಹಿಗಳು ಹೆಚ್ಚು ಕಾಲ ಬದುಕಿದರೆ ಎರಡನೆಯ ಲೆಕ್ಕ ಏರುತ್ತದೆ. ಆ ಏರಿಕೆಯನ್ನು ಸೋಲೆಂದು ಬರೆಯುವುದು ಪತ್ರಿಕೆಗಳಲ್ಲಿ ಆಗಾಗ ಕಾಣುವ ತಪ್ಪು.

ಕಳೆದುಹೋದ ವರ್ಷಗಳು

ಎಂಬತ್ತರ ವೃದ್ಧರ ಸಾವನ್ನೂ ಎಂಟು ವರ್ಷದ ಮಗುವಿನ ಸಾವನ್ನೂ ಒಂದೊಂದೇ ಎಂದು ಎಣಿಸುವುದು ಸರಿಯೇ ಎಂಬ ಪ್ರಶ್ನೆಯಿಂದ ಮುಂದಿನ ಮಾಪನ ಹುಟ್ಟಿತು. ಅಮೆರಿಕದಲ್ಲಿ ಕ್ಷಯದ ಮರಣ ಪ್ರಮಾಣ ಇಳಿಯುತ್ತಿದ್ದ ಕಾಲದಲ್ಲಿ, 1947ರಲ್ಲಿ, ಮೇರಿ ಡೆಂಪ್ಸಿ ಎಂಬ ಸಂಖ್ಯಾಶಾಸ್ತ್ರಜ್ಞೆ ಆ ಇಳಿಕೆ ಪೂರ್ಣ ಕಥೆಯನ್ನು ಹೇಳುವುದಿಲ್ಲವೆಂದು ತೋರಿಸಿದರು. ಹೃದ್ರೋಗ ಮತ್ತು ಕ್ಯಾನ್ಸರ್ ಕೊಲ್ಲುವುದಕ್ಕಿಂತ ಎಳೆಯ ವಯಸ್ಸಿನಲ್ಲಿ ಕ್ಷಯ ಕೊಲ್ಲುತ್ತಿತ್ತು. ಸತ್ತ ವಯಸ್ಸಿಗೂ ಬದುಕಬಹುದಾಗಿದ್ದ ವಯಸ್ಸಿಗೂ ಇರುವ ಅಂತರವನ್ನು ಕೂಡಿಸುತ್ತ ಹೋದರೆ ಅಕಾಲ ಮರಣದಿಂದ ಕಳೆದುಹೋದ ವರ್ಷಗಳ ಮೊತ್ತ, ವೈಎಲ್‌ಎಲ್, ಸಿಗುತ್ತದೆ.

ಬದುಕಬಹುದಾಗಿದ್ದ ವಯಸ್ಸು ಎಷ್ಟು? ಇಲ್ಲಿಂದ ಅಳತೆಯೊಳಗೆ ಆಯ್ಕೆ ನುಸುಳುತ್ತದೆ. ದೇಶದೇಶಗಳ ರೋಗಗಳ ಹೊರೆಯನ್ನು ಸುತ್ತು ಸುತ್ತಾಗಿ ಅಂದಾಜಿಸುವ ಜಾಗತಿಕ ರೋಗಹೊರೆ ಅಧ್ಯಯನವು 1990ರ ದಶಕದ ಮೊದಲ ಸುತ್ತಿನಲ್ಲಿ ಗಂಡಸರಿಗೆ 80, ಹೆಂಗಸರಿಗೆ 82.5 ವರ್ಷವೆಂದು ಇಟ್ಟುಕೊಂಡಿತ್ತು. 2010ರ ಸುತ್ತಿನಲ್ಲಿ ಇಬ್ಬರಿಗೂ ಹುಟ್ಟುವಾಗ 86 ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸ್ವಂತ ಅಂದಾಜುಗಳು ಸುಮಾರು 92 ವರ್ಷವನ್ನು ಹಿಡಿಯುತ್ತವೆ. ನಮ್ಮ ದೇಶದ ಸರಾಸರಿ ಆಯುಷ್ಯ ಇವೆಲ್ಲಕ್ಕಿಂತ ಬಹಳ ಕೆಳಗಿದೆ. ಹಾಗಿದ್ದೂ ರಾಯಚೂರಿನ ಮಗುವಿಗೂ ಜಪಾನಿನ ಮಗುವಿಗೂ ಒಂದೇ ಮಾನದಂಡ ಇಡುವುದು ನ್ಯಾಯವೆಂದೇ ನನಗೆ ತೋರುತ್ತದೆ. ಸ್ಥಳೀಯ ಆಯುಷ್ಯವನ್ನೇ ಮಾನದಂಡ ಮಾಡಿದರೆ ಬಡ ಜಿಲ್ಲೆಯ ಸಾವು ಅಗ್ಗವಾಗುತ್ತದೆ.

ಜಿಲ್ಲಾ ಮಟ್ಟದ ಕೆಲಸಕ್ಕೆ ಈ ಮಾಪನವನ್ನು ನಾನು ಎಲ್ಲಕ್ಕಿಂತ ಮುಂದೆ ಇಡುತ್ತೇನೆ. ಸಾವಿನ ವಯಸ್ಸು ಮತ್ತು ಕಾರಣ ಎರಡೇ ಸಾಕು. ಒಂದು ಸಾಧಾರಣ ಎಕ್ಸೆಲ್ ಹಾಳೆಯಲ್ಲಿ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಅಪಘಾತ, ಆತ್ಮಹತ್ಯೆ, ಹಾವಿನ ಕಡಿತ, ನೀರಿನಲ್ಲಿ ಮುಳುಗುವುದು, ನವಜಾತ ಶಿಶುಗಳ ಸಾವು ಪಟ್ಟಿಯ ಮೇಲಕ್ಕೆ ಬರುವುದು ಇದರಿಂದಲೇ. ಕೊಲ್ಲದೆ ಕಾಡುವ ಕಾಯಿಲೆಗಳು ಮಾತ್ರ ಇದರ ಕಣ್ಣಿಗೆ ಬೀಳುವುದಿಲ್ಲ.

ಅನಾರೋಗ್ಯಕ್ಕೆ ತೂಕ ಕಟ್ಟುವುದು

ಆ ಕೊರತೆ ತುಂಬಲು ಅನಾರೋಗ್ಯದೊಡನೆ ಬದುಕಿದ ವರ್ಷಗಳ ಲೆಕ್ಕ, ವೈಎಲ್‌ಡಿ, ಬಂತು. ಒಂದು ಕಾಯಿಲೆಯಿರುವ ಜನರ ಸಂಖ್ಯೆಯನ್ನು ಆ ಕಾಯಿಲೆಯ ತೂಕಾಂಕದಿಂದ ಗುಣಿಸುತ್ತಾರೆ. ತೂಕಾಂಕ ಸೊನ್ನೆಯೆಂದರೆ ಪೂರ್ಣ ಆರೋಗ್ಯ, ಒಂದು ಎಂದರೆ ಸಾವಿಗೆ ಸಮ. 2013ರ ಸುತ್ತಿನ ಪಟ್ಟಿಯಲ್ಲಿ ತೀವ್ರ ಖಿನ್ನತೆಗೆ 0.658, ಕುರುಡುತನಕ್ಕೆ 0.187, ಮಧ್ಯಮ ರಕ್ತಹೀನತೆಗೆ 0.052, ಸೌಮ್ಯ ರಕ್ತಹೀನತೆಗೆ 0.004.

ಈ ಸಂಖ್ಯೆಗಳನ್ನು ಯಾರು ಕೊಟ್ಟರು ಎಂದು ಓದುಗರು ಕೇಳಲೇಬೇಕು. ಮೊದಮೊದಲು ತಜ್ಞರ ಸಣ್ಣ ಗುಂಪು ಕೂತು ನಿರ್ಧರಿಸಿತ್ತು. 2010ರ ಸುತ್ತಿಗಾಗಿ ಬಾಂಗ್ಲಾದೇಶ, ಇಂಡೋನೇಷ್ಯಾ, ಪೆರು, ಟಾಂಜಾನಿಯಾ ಮತ್ತು ಅಮೆರಿಕಗಳಲ್ಲಿ ಸಾಮಾನ್ಯ ಜನರ ಸಮೀಕ್ಷೆ ನಡೆಯಿತು, ಜೊತೆಗೆ ಅಂತರ್ಜಾಲದಲ್ಲೂ ಪ್ರಶ್ನೆಗಳನ್ನು ಇಡಲಾಯಿತು. ಇಬ್ಬರು ಕಾಲ್ಪನಿಕ ವ್ಯಕ್ತಿಗಳ ಸ್ಥಿತಿಯನ್ನು ಎರಡು ಸಾಲಿನಲ್ಲಿ ವಿವರಿಸಿ, ಇವರಲ್ಲಿ ಹೆಚ್ಚು ಆರೋಗ್ಯವಂತರು ಯಾರು ಎಂದು ಕೇಳುವುದು ಅದರ ಕ್ರಮ. ಉತ್ತರವು ವಿವರಣೆಯ ಮಾತುಗಳ ಮೇಲೆಯೇ ನಿಂತಿರುತ್ತದೆ. ಕುರುಡುತನದ ತೂಕಾಂಕ 1990ರ ದಶಕದಲ್ಲಿ 0.6 ಇದ್ದದ್ದು 2010ರ ಸುತ್ತಿನಲ್ಲಿ 0.195ಕ್ಕೆ ಕುಸಿಯಿತು. ಸಂಪೂರ್ಣ ಕಿವುಡುತನದ ತೂಕಾಂಕ 2010ರಲ್ಲಿ 0.033 ಆಗಿದ್ದು, ವಿವರಣೆಯ ಮಾತುಗಳನ್ನು ತಿದ್ದಿ ಮತ್ತೆ ಕೇಳಿದಾಗ 2013ರಲ್ಲಿ 0.215 ಆಯಿತು. ಆ ಮೂರು ವರ್ಷಗಳಲ್ಲಿ ಜಗತ್ತಿನ ಕಿವುಡರ ಬದುಕಿನಲ್ಲಿ ಅಂಥ ಬದಲಾವಣೆಯೇನೂ ಆಗಿರಲಿಲ್ಲ. ಬದಲಾದದ್ದು ಒಂದು ವಾಕ್ಯ.

ಅಂಗವೈಕಲ್ಯವುಳ್ಳವರ ಸಂಘಟನೆಗಳು ಈ ತೂಕಾಂಕಗಳ ಬಗ್ಗೆ ತಕರಾರು ಎತ್ತಿರುವುದು ಸಹಜವೇ ಆಗಿದೆ. ಅಳೆಯುತ್ತಿರುವುದು ಆರೋಗ್ಯದ ನಷ್ಟವನ್ನು, ವ್ಯಕ್ತಿಯ ಬೆಲೆಯನ್ನಲ್ಲ ಎಂಬುದು ಲೆಕ್ಕ ಹಾಕುವವರ ಉತ್ತರ. ತಾಂತ್ರಿಕವಾಗಿ ಅದು ಸರಿಯಾದರೂ, ಕುಷ್ಠ ಗುಣವಾದ ಮೇಲೂ ಊರಿನವರು ಮನೆಗೆ ಸೇರಿಸದಿರುವ ನೋವು, ಗಾಲಿಕುರ್ಚಿ ಹೋಗದ ಕಚೇರಿಯ ಮೆಟ್ಟಿಲು, ಇವು ಯಾವ ತೂಕಾಂಕದೊಳಗೂ ಬಂದಿಲ್ಲ ಎಂಬುದೂ ಅಷ್ಟೇ ಸರಿ. ಕಳಂಕವೇ ದೊಡ್ಡ ಹೊರೆಯಾಗಿರುವ ಕಾಯಿಲೆಯ ಬಗ್ಗೆ ಬರೆಯುವಾಗ ವೈಎಲ್‌ಡಿ ಕಡಿಮೆ ಇದೆಯೆಂದು ಅದನ್ನು ಸಣ್ಣ ಕಾಯಿಲೆಯೆನ್ನುವುದು ತಪ್ಪು.

ಡ್ಯಾಲಿ: ಎರಡನ್ನೂ ಕೂಡಿಸಿದಾಗ

ವೈಎಲ್‌ಎಲ್ ಮತ್ತು ವೈಎಲ್‌ಡಿಗಳನ್ನು ಕೂಡಿಸಿದರೆ ಡ್ಯಾಲಿ. ಕ್ರಿಸ್ಟೋಫರ್ ಮರ್ರೆ ಮತ್ತು ಅಲನ್ ಲೋಪೆಜ್ ರೂಪಿಸಿದ ಈ ಮಾಪನ 1993ರ ವಿಶ್ವಬ್ಯಾಂಕ್ ವರದಿಯ ಮೂಲಕ ಜಗತ್ತಿಗೆ ಪರಿಚಯವಾಯಿತು. ಒಂದು ಡ್ಯಾಲಿ ಎಂದರೆ ಕಳೆದುಹೋದ ಒಂದು ಆರೋಗ್ಯವಂತ ವರ್ಷ. ಕೊಲ್ಲುವ ಕಾಯಿಲೆಯನ್ನೂ ಕಾಡುವ ಕಾಯಿಲೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲ ಮಾಪನ ಇದಕ್ಕೆ ಮೊದಲು ಇಷ್ಟು ವ್ಯಾಪಕವಾಗಿ ಬಳಕೆಗೆ ಬಂದಿರಲಿಲ್ಲ.

ಇದರ ಶಕ್ತಿ ಎಲ್ಲಿದೆ ಎಂಬುದನ್ನು 2017ರ ನವೆಂಬರಿನಲ್ಲಿ ಪ್ರಕಟವಾದ ಭಾರತದ ರಾಜ್ಯಮಟ್ಟದ ವರದಿಯಲ್ಲಿ ನೋಡಬಹುದು. 1990ರಲ್ಲಿ ದೇಶದ ಒಟ್ಟು ಡ್ಯಾಲಿಗಳಲ್ಲಿ ಶೇ. 61 ಸೋಂಕು, ಹೆರಿಗೆ, ನವಜಾತ ಶಿಶು ಮತ್ತು ಪೋಷಣೆಗೆ ಸಂಬಂಧಿಸಿದವು. 2016ರಲ್ಲಿ ಅದು ಶೇ. 33ಕ್ಕೆ ಇಳಿದಿತ್ತು. ಸಾಂಕ್ರಾಮಿಕವಲ್ಲದ ಕಾಯಿಲೆಗಳ ಪಾಲು ಶೇ. 30ರಿಂದ 55ಕ್ಕೆ ಏರಿತ್ತು. 2016ರ ಮೊದಲ ಐದು ಕಾರಣಗಳೆಂದರೆ ಹೃದಯದ ರಕ್ತನಾಳಗಳ ಕಾಯಿಲೆ, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಅತಿಸಾರ, ಶ್ವಾಸಕೋಶದ ಸೋಂಕು ಮತ್ತು ಪಾರ್ಶ್ವವಾಯು. ಅಪಾಯಕಾರಿ ಅಂಶಗಳಲ್ಲಿ ಮಾತ್ರ ತಾಯಿ-ಮಕ್ಕಳ ಅಪೌಷ್ಟಿಕತೆ ಆಗಲೂ ಮೊದಲ ಸ್ಥಾನದಲ್ಲೇ ಇತ್ತು, ಒಟ್ಟು ಹೊರೆಯ ಶೇ. 15ರಷ್ಟು. ರಾಜ್ಯಗಳು ಒಂದೇ ದಾರಿಯಲ್ಲಿ ಬೇರೆ ಬೇರೆ ಮೈಲುಗಲ್ಲುಗಳಲ್ಲಿವೆ, ಆದ್ದರಿಂದ ದೆಹಲಿಯಲ್ಲಿ ಬರೆದ ಒಂದೇ ಯೋಜನೆ ಎಲ್ಲರಿಗೂ ಹೊಂದದು ಎಂಬ ಮಾತಿಗೆ ಈ ವರದಿ ಅಂಕಿಗಳ ಆಧಾರ ಒದಗಿಸಿತು. ಬರಿಯ ಸಾವಿನ ಎಣಿಕೆಯಿಂದ ಇಷ್ಟು ಸ್ಪಷ್ಟವಾಗಿ ಇದು ಕಾಣುತ್ತಿರಲಿಲ್ಲ.

ದೌರ್ಬಲ್ಯವೂ ಇದೇ ಜಾಗದಲ್ಲಿದೆ. ಮೊದಲ ರೂಪದ ಡ್ಯಾಲಿಯಲ್ಲಿ ಎರಡು ಹೆಚ್ಚುವರಿ ಲೆಕ್ಕಗಳಿದ್ದವು. ಭವಿಷ್ಯದ ವರ್ಷಗಳಿಗೆ ವರ್ಷಕ್ಕೆ ಶೇ. 3ರಂತೆ ಬೆಲೆ ಇಳಿಸುತ್ತಿದ್ದರು, ಬ್ಯಾಂಕಿನವರು ಮುಂದೆ ಬರುವ ಹಣದ ಇಂದಿನ ಬೆಲೆ ಕಟ್ಟುವಂತೆ. ಜೊತೆಗೆ, ಇಪ್ಪತ್ತೈದರ ಆಸುಪಾಸಿನ ವರ್ಷಕ್ಕೆ ಹೆಚ್ಚು ಬೆಲೆ, ಬಾಲ್ಯದ ಮತ್ತು ಮುಪ್ಪಿನ ವರ್ಷಕ್ಕೆ ಕಡಿಮೆ ಬೆಲೆ ಕಟ್ಟುತ್ತಿದ್ದರು. ಇದರಿಂದ ಹಸುಗೂಸಿನ ಒಂದು ಸಾವು ಸುಮಾರು 33 ಡ್ಯಾಲಿ ಆಗುತ್ತಿತ್ತು, 5ರಿಂದ 20 ವರ್ಷದೊಳಗಿನವರ ಸಾವು ಸುಮಾರು 36. ಅರ್ಥಶಾಸ್ತ್ರಜ್ಞರಾದ ಸುಧೀರ್ ಆನಂದ್ ಮತ್ತು ಕಾರಾ ಹ್ಯಾನ್ಸನ್ 1997ರಲ್ಲಿ ಇದನ್ನು ಕಟುವಾಗಿ ಪ್ರಶ್ನಿಸಿದರು. 2010ರ ಸುತ್ತಿನಲ್ಲಿ ಎರಡನ್ನೂ ಕೈಬಿಡಲಾಯಿತು. ಹಳೆಯ ಪಠ್ಯಪುಸ್ತಕದ ಡ್ಯಾಲಿಯನ್ನೂ ಹೊಸ ವರದಿಯ ಡ್ಯಾಲಿಯನ್ನೂ ಅಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಎನ್ನುವವರು ಎರಡು ಬೇರೆ ಬೇರೆ ಸೇರುಗಳಲ್ಲಿ ಅಳೆದ ಅಕ್ಕಿಯನ್ನು ಹೋಲಿಸುತ್ತಿದ್ದಾರೆ.

ಒಂದು ಕಾಲ್ಪನಿಕ ತಾಲ್ಲೂಕಿನ ಲೆಕ್ಕ

ಎರಡು ಲಕ್ಷ ಜನರಿರುವ ಒಂದು ತಾಲ್ಲೂಕನ್ನು ಊಹಿಸಿಕೊಳ್ಳೋಣ. ಇಲ್ಲಿನ ಸಂಖ್ಯೆಗಳು ಲೆಕ್ಕದ ಸಲುವಾಗಿ ಇಟ್ಟುಕೊಂಡವು. ಒಂದು ವರ್ಷದಲ್ಲಿ ಹೃದ್ರೋಗದಿಂದ 150 ಮಂದಿ, ಎಲ್ಲರೂ ಸುಮಾರು 70ರ ವಯಸ್ಸಿನವರು, ತೀರಿಕೊಂಡರು. ಹಾವು ಕಚ್ಚಿ 10 ಮಂದಿ, ಎಲ್ಲರೂ ಸುಮಾರು 30ರವರು, ಸತ್ತರು. 12,000 ಹೆಂಗಸರಿಗೆ ಮಧ್ಯಮ ಮಟ್ಟದ ರಕ್ತಹೀನತೆಯಿದೆ. ಅದರಿಂದ ಯಾರೂ ಸಾಯಲಿಲ್ಲ.

ಸಾವು ಎಣಿಸಿದರೆ ಹೃದ್ರೋಗವು ಹಾವಿನ ಕಡಿತದ 15 ಪಟ್ಟು, ರಕ್ತಹೀನತೆ ಪಟ್ಟಿಯಲ್ಲೇ ಇಲ್ಲ. ವರ್ಷ ಎಣಿಸಲು 86ರ ಮಾನದಂಡ ಹಿಡಿದರೆ 70ರಲ್ಲಿ ಸತ್ತವರಿಗೆ ಸುಮಾರು 19 ವರ್ಷ, 30ರಲ್ಲಿ ಸತ್ತವರಿಗೆ ಸುಮಾರು 56 ವರ್ಷ ಉಳಿದಿರುತ್ತವೆ. ಎಪ್ಪತ್ತರವರೆಗೆ ಬದುಕಿದವರು 86ನ್ನೂ ದಾಟುವ ಸಂಭವ ಹೆಚ್ಚಿರುವುದರಿಂದ ಅದು 16 ಅಲ್ಲ, 19. ಆಗ ಹೃದ್ರೋಗ 2,850 ವರ್ಷ, ಹಾವಿನ ಕಡಿತ 560. ಹದಿನೈದು ಪಟ್ಟಿನ ಅಂತರ ಐದಕ್ಕೆ ಇಳಿಯಿತು. ರಕ್ತಹೀನತೆಗೆ 12,000ವನ್ನು 0.052ರಿಂದ ಗುಣಿಸಿದರೆ 624. ಯಾರನ್ನೂ ಕೊಲ್ಲದ ಕಾಯಿಲೆ ಹಾವನ್ನು ಮೀರಿಸಿತು.

ಈಗ ಹಳೆಯ ಪದ್ಧತಿಯ ಶೇ. 3ರ ಇಳಿಕೆಯನ್ನಷ್ಟೇ ಸೇರಿಸಿ ನೋಡೋಣ. 56 ವರ್ಷ ಕುಗ್ಗಿ ಸುಮಾರು 27 ಆಗುತ್ತದೆ, 19 ವರ್ಷ ಸುಮಾರು 14.5 ಆಗುತ್ತದೆ. ಹೃದ್ರೋಗ 2,170ರ ಆಸುಪಾಸು, ಹಾವಿನ ಕಡಿತ 270. ಅಂತರ ಮತ್ತೆ ಎಂಟು ಪಟ್ಟಿಗೆ ಹಿಗ್ಗಿತು, ರಕ್ತಹೀನತೆ ಹಾವಿನ ಎರಡು ಪಟ್ಟಿಗಿಂತ ಹೆಚ್ಚಾಯಿತು. ಸತ್ತವರು ಅವರೇ ಹತ್ತು ಮಂದಿ.

ಇನ್ನೊಂದು ತಿರುವು. ಆ 12,000 ಹೆಂಗಸರ ಹಿಮೋಗ್ಲೋಬಿನ್, ಮಧ್ಯಮ ಮತ್ತು ಸೌಮ್ಯ ರಕ್ತಹೀನತೆಗಳನ್ನು ಬೇರ್ಪಡಿಸುವ 11 ಗ್ರಾಂ ಗೆರೆಯ ಸ್ವಲ್ಪ ಕೆಳಗಿತ್ತು ಎಂದುಕೊಳ್ಳಿ. ಬೆರಳ ತುದಿಯ ರಕ್ತದ ಬದಲು ತೋಳಿನ ನಾಳದ ರಕ್ತ ತೆಗೆದು ಪರೀಕ್ಷಿಸಿದಾಗ ಎಲ್ಲರೂ ಗೆರೆಯ ಸ್ವಲ್ಪ ಮೇಲೆ ಬಂದು ಸೌಮ್ಯ ರಕ್ತಹೀನತೆಯ ಗುಂಪಿಗೆ ಸೇರಿದರೆ ಅವರ ಹೊರೆ 624ರಿಂದ 48ಕ್ಕೆ ಬೀಳುತ್ತದೆ. ಇದು ಬರಿಯ ಊಹೆಯ ಆಟವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಬೆರಳ ತುದಿಯ ರಕ್ತ ಆಧರಿಸಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ, ಕರ್ನಾಟಕದಲ್ಲಿ ಶೇ. 47.8 ಮಂದಿಗೆ, ರಕ್ತಹೀನತೆಯಿದೆಯೆಂದು ಹೇಳಿದ ಮೇಲೆ, ಆ ವಿಧಾನವೇ ಸಂಖ್ಯೆಯನ್ನು ಹಿಗ್ಗಿಸುತ್ತದೆಯೇ ಎಂಬ ಚರ್ಚೆ ನಡೆದು, ಮುಂದಿನ ಸುತ್ತಿನಿಂದ ರಕ್ತಹೀನತೆಯ ಅಳತೆಯನ್ನು ಬೇರೊಂದು ಸಮೀಕ್ಷೆಗೆ ವರ್ಗಾಯಿಸುವ ನಿರ್ಧಾರವಾಯಿತು. ವೈಎಲ್‌ಡಿ ಆಧಾರದ ಮೇಲೆ ಯೋಜನೆ ಬರೆಯುವವರು ತೂಕಾಂಕದ ಪಟ್ಟಿಗಿಂತ ಮೊದಲು ರೋಗ ಗುರುತಿಸಿದ ವಿಧಾನವನ್ನು ನೋಡಬೇಕೆಂದು ಹೇಳುವುದು ಇದಕ್ಕಾಗಿ.

ಕ್ವಾಲಿ ಮತ್ತು ಆರೋಗ್ಯಕರ ಆಯುಷ್ಯ

ಡ್ಯಾಲಿ ನಷ್ಟದ ಲೆಕ್ಕವಾದರೆ ಕ್ವಾಲಿ ಗಳಿಕೆಯ ಲೆಕ್ಕ. ಒಂದು ಔಷಧಿ ಅಥವಾ ಶಸ್ತ್ರಚಿಕಿತ್ಸೆಯಿಂದ ಎಷ್ಟು ಗುಣಮಟ್ಟದ ಬದುಕಿನ ವರ್ಷ ಸೇರಿತು ಎಂಬುದನ್ನು ಇದು ಅಳೆಯುತ್ತದೆ. ಇಲ್ಲಿ ಒಂದು ಎಂದರೆ ಪೂರ್ಣ ಆರೋಗ್ಯ. ಓಡಾಟ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ ಮತ್ತು ಖಿನ್ನತೆ ಎಂಬ ಐದು ವಿಷಯಗಳ ಪ್ರಶ್ನಾವಳಿಯಿಂದ ಅದರ ಬೆಲೆ ಸಿಗುತ್ತದೆ, ಭಾರತೀಯರ ಉತ್ತರಗಳಿಂದಲೇ ಕಟ್ಟಿದ ಬೆಲೆಪಟ್ಟಿ 2022ರಲ್ಲಿ ಪ್ರಕಟವಾಗಿದೆ. ಯಾವ ಚಿಕಿತ್ಸೆಗೆ ಸರ್ಕಾರಿ ಆರೋಗ್ಯ ಸೇವೆ ಹಣ ಕೊಡಬೇಕೆಂದು ಸಲಹೆ ನೀಡುವ ಇಂಗ್ಲೆಂಡಿನ ನೈಸ್ ಸಂಸ್ಥೆಯು ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್ ಎಂಬ ಮಿತಿಯನ್ನು ದೀರ್ಘಕಾಲ ಬಳಸಿತು. ನಮ್ಮಲ್ಲಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿಯ ಆರೋಗ್ಯ ತಂತ್ರಜ್ಞಾನ ಮೌಲ್ಯಮಾಪನ ವ್ಯವಸ್ಥೆ ಇದೇ ಮಾಪನವನ್ನು ಬಳಸುತ್ತದೆ. ಎರಡು ಚಿಕಿತ್ಸೆಗಳಲ್ಲಿ ಯಾವುದನ್ನು ಸರ್ಕಾರಿ ವಿಮೆಗೆ ಸೇರಿಸಬೇಕು ಎಂಬ ಪ್ರಶ್ನೆಯಿದ್ದರೆ ಕ್ವಾಲಿ ಸರಿ. ಒಂದು ಜಿಲ್ಲೆಯ ದೊಡ್ಡ ಕಾಯಿಲೆ ಯಾವುದು ಎಂಬ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ.

ಆರೋಗ್ಯಕರ ಆಯುಷ್ಯವನ್ನು, ಎಂದರೆ ಸರಾಸರಿ ಆಯುಷ್ಯದಲ್ಲಿ ಅನಾರೋಗ್ಯದ ಪಾಲನ್ನು ಕಳೆದು ಉಳಿಯುವ ವರ್ಷಗಳನ್ನು, ಸಾಮಾನ್ಯ ಓದುಗರಿಗೆ ಹೇಳುವುದು ಅತಿ ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಭಾರತದ ಸರಾಸರಿ ಆಯುಷ್ಯ 70.8 ವರ್ಷ, ಆರೋಗ್ಯಕರ ಆಯುಷ್ಯ 60.3 ವರ್ಷ. ಹತ್ತೂವರೆ ವರ್ಷಗಳ ಅಂತರ ಎಂದೊಡನೆ ಕೇಳುವವರ ಕಣ್ಣ ಮುಂದೆ ಮನೆಯ ಹಿರಿಯರು ಬಂದು ನಿಲ್ಲುತ್ತಾರೆ. ಯಾವ ಕಾಯಿಲೆಯಿಂದ ಆ ಅಂತರ ಉಂಟಾಯಿತು ಎಂಬುದನ್ನು ಈ ಸಂಖ್ಯೆ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಭಾಷಣಕ್ಕೆ ಇದು ಒಳ್ಳೆಯದು, ಬಜೆಟ್ಟಿಗೆ ಅಷ್ಟಲ್ಲ.

ದಾಖಲೆ ಎಷ್ಟು ಗಟ್ಟಿ

ಸಾವನ್ನು ಲೆಕ್ಕಕ್ಕೆ ಹಿಡಿಯುವ ಯಾವ ರೋಗಹೊರೆ ಮಾಪನ ಆರಿಸಿದರೂ ತಳದಲ್ಲಿರುವುದು ಸಾವಿನ ಕಾರಣದ ದಾಖಲೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಪ್ರಮಾಣೀಕರಿಸಿದ್ದು ಶೇ. 22.5ರಷ್ಟನ್ನು ಮಾತ್ರ. ಹಾಗೆ ಪ್ರಮಾಣೀಕರಿಸಿದವುಗಳಲ್ಲೂ ಹೃದಯ ಸ್ತಂಭನ ಎಂದು ಬರೆದು ಕೈತೊಳೆದುಕೊಂಡವು ಕಡಿಮೆಯಿಲ್ಲ. ಯಾವ ಕಾಯಿಲೆಯಿಂದ ಸತ್ತರೂ ಕೊನೆಗೆ ಹೃದಯ ನಿಲ್ಲಲೇಬೇಕಲ್ಲ. ಇಂಥ ಉಪಯೋಗಕ್ಕೆ ಬಾರದ ಕಾರಣಗಳನ್ನು ಜಾಗತಿಕ ಅಧ್ಯಯನಗಳು ಸೂತ್ರಗಳ ಮೂಲಕ ಬೇರೆ ಕಾಯಿಲೆಗಳಿಗೆ ಹಂಚುತ್ತವೆ. ನಾವು ಓದುವ ನುಣುಪಾದ ಪಟ್ಟಿಯಲ್ಲಿ ಎಷ್ಟು ಎಣಿಕೆ, ಎಷ್ಟು ಅಂದಾಜು ಎಂಬುದು ಹೊರಗೆ ಕಾಣುವುದಿಲ್ಲ.

ಸತ್ತವರ ಮನೆಗೆ ಹೋಗಿ, ಮನೆಯವರಿಂದ ಕೊನೆಯ ದಿನಗಳ ವಿವರ ಕೇಳಿ, ಅದನ್ನು ವೈದ್ಯರು ಓದಿ ಕಾರಣ ನಿರ್ಧರಿಸುವ ವಿಧಾನ ಇದಕ್ಕೆ ಪರ್ಯಾಯ. ಪ್ರಭಾತ್ ಝಾ ಅವರ ಮುಂದಾಳತ್ವದ ಹತ್ತು ಲಕ್ಷ ಸಾವುಗಳ ಅಧ್ಯಯನ ಮಾಡಿದ್ದು ಇದನ್ನೇ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂಬ 2020ರ ಅಂದಾಜು ಅದರಿಂದ ಬಂತು. ಹಾವು ಕಚ್ಚಿದವರಲ್ಲಿ ಅನೇಕರು ಆಸ್ಪತ್ರೆಗೆ ಬರುವ ಮೊದಲೇ, ನಾಟಿ ವೈದ್ಯರ ಮನೆಯಲ್ಲೋ ದಾರಿಯಲ್ಲೋ ಸಾಯುವುದರಿಂದ ಆಸ್ಪತ್ರೆಯ ದಾಖಲೆಗೆ ಇವರು ಸಿಕ್ಕಿರಲಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅದರ ನಂತರ ದಾಖಲೆಯಲ್ಲಿ ಕಡಿತಗಳ ಸಂಖ್ಯೆ ಏರಿದರೆ, ಹಾವುಗಳು ಹೆಚ್ಚಾದವೆಂದು ತಿಳಿಯಬೇಕಾಗಿಲ್ಲ.

ಕಾರಣದ ದಾಖಲೆಯೇ ನಂಬಲಾಗದ ಹೊತ್ತಿನಲ್ಲಿ ಕಾರಣವನ್ನು ಬಿಟ್ಟು, ಸಾಮಾನ್ಯ ವರ್ಷಕ್ಕಿಂತ ಎಷ್ಟು ಹೆಚ್ಚು ಜನ ಸತ್ತರು ಎಂದು ಲೆಕ್ಕ ಹಾಕುವ ದಾರಿಯೊಂದಿದೆ. ಕೋವಿಡ್ ಕಾಲಕ್ಕೆ ಇದೇ ಸರಿಯಾದ ಮಾಪನವಾಗಿತ್ತು. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು ಸಂಭವಿಸಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜಿಸಿತು. ಆ ಅವಧಿಗೆ ಅಧಿಕೃತ ಕೋವಿಡ್ ಸಾವುಗಳು ಸುಮಾರು 4.8 ಲಕ್ಷ. ಕೇಂದ್ರ ಸರ್ಕಾರ ಆ ಲೆಕ್ಕದ ವಿಧಾನವನ್ನು ಒಪ್ಪಲಿಲ್ಲ.

ಆಯ್ಕೆಯ ದಾರಿ

ತಾಲ್ಲೂಕು ಅಥವಾ ಜಿಲ್ಲೆಯ ಯೋಜನೆಗೆ ವೈಎಲ್‌ಎಲ್ ಲೆಕ್ಕವನ್ನು ಸ್ವತಃ ಹಾಕಿ, ಅದರ ಪಕ್ಕದಲ್ಲಿ ರಕ್ತಹೀನತೆ, ಮಾನಸಿಕ ಕಾಯಿಲೆ, ಮಧುಮೇಹಗಳಿಗೆ ಸದ್ಯ ಇರುವ ರೋಗಿಗಳ ಸಂಖ್ಯೆಯನ್ನು ಬೇರೆಯಾಗಿಯೇ ಇಡಿ. ಎರಡನ್ನೂ ಕೂಡಿಸಿ ಡ್ಯಾಲಿ ಮಾಡಲು ಹೋಗಬೇಡಿ. ಅಷ್ಟು ಚಿಕ್ಕ ಜನಸಂಖ್ಯೆಯಲ್ಲಿ ಅಂದಾಜಿನ ಮೇಲೆ ಅಂದಾಜು ಸೇರಿ ಬರುವ ಒಂದೇ ಸಂಖ್ಯೆಗೆ ಅದರೊಳಗಿನ ಮಾಹಿತಿಗಿಂತ ಹೆಚ್ಚು ಗಾಂಭೀರ್ಯ ಬಂದುಬಿಡುತ್ತದೆ. ರಾಜ್ಯ ಮಟ್ಟದಲ್ಲಿ, ಸಂಬಂಧವೇ ಇಲ್ಲದ ಇಲಾಖಾ ಕಾರ್ಯಕ್ರಮಗಳ ನಡುವೆ ಹಣ ಹಂಚುವಾಗ, ಡ್ಯಾಲಿಯನ್ನು ಬಿಟ್ಟು ಬೇರೆ ಸಾಮಾನ್ಯ ತಕ್ಕಡಿ ಇಲ್ಲ. ಆದರೆ ವೈಎಲ್‌ಎಲ್ ಎಷ್ಟು, ವೈಎಲ್‌ಡಿ ಎಷ್ಟು ಎಂದು ಒಡೆದು ತೋರಿಸಬೇಕು ಮತ್ತು ಅನಿಶ್ಚಿತತೆಯ ವ್ಯಾಪ್ತಿಯನ್ನು, ಎಂದರೆ ಅಂದಾಜು ಎಷ್ಟರಿಂದ ಎಷ್ಟರವರೆಗೆ ಇರಬಹುದು ಎಂಬುದನ್ನು, ಬರೆಯಬೇಕು. ಎರಡು ಕಾಯಿಲೆಗಳ ವ್ಯಾಪ್ತಿಗಳು ಒಂದರ ಮೇಲೊಂದು ಹಾಯ್ದಿದ್ದರೆ ಮೂರನೆಯ ಸ್ಥಾನ, ನಾಲ್ಕನೆಯ ಸ್ಥಾನ ಎಂಬ ಜಗಳಕ್ಕೆ ಅರ್ಥವಿಲ್ಲ. ಹೃದ್ರೋಗ, ಕ್ಯಾನ್ಸರ್, ಮಧುಮೇಹ, ಶ್ವಾಸಕೋಶದ ಕಾಯಿಲೆಗಳ ನಿಯಂತ್ರಣ ಎಷ್ಟು ಮುಂದುವರಿದಿದೆ ಎಂದು ತಿಳಿಯಬೇಕಾದರೆ 30ರಿಂದ 70 ವರ್ಷದೊಳಗೆ ಅವುಗಳಿಂದ ಸಾಯುವ ಸಂಭವ ಎಂಬ ಸರಳ ಸೂಚಕ ಸಾಕು. 2030ರೊಳಗೆ ಮೂರನೆಯ ಒಂದು ಭಾಗ ತಗ್ಗಿಸಬೇಕೆಂಬ ಸುಸ್ಥಿರ ಅಭಿವೃದ್ಧಿ ಗುರಿ ಅದರ ಮೇಲೆಯೇ ನಿಂತಿದೆ.

ವರ್ಷದಿಂದ ವರ್ಷಕ್ಕೆ ಹೋಲಿಸುವವರಿಗೆ ಒಂದು ಎಚ್ಚರಿಕೆ. ಜಾಗತಿಕ ರೋಗಹೊರೆ ಅಧ್ಯಯನದ ಪ್ರತಿ ಹೊಸ ಸುತ್ತೂ 1990ರಿಂದ ಆರಂಭಿಸಿ ಎಲ್ಲ ವರ್ಷಗಳ ಲೆಕ್ಕವನ್ನು ಹೊಸದಾಗಿ ಹಾಕುತ್ತದೆ. ಒಂದು ಸುತ್ತಿನ 1990ರ ಅಂಕಿಯನ್ನು ಮತ್ತೊಂದು ಸುತ್ತಿನ 2016ರ ಅಂಕಿಯೊಡನೆ ಜೋಡಿಸಬಾರದು. ಆ ಅಧ್ಯಯನದ ಅಂಕಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯೊಡನೆಯೂ ಜೋಡಿಸಬಾರದು.

ಇಷ್ಟೆಲ್ಲ ಮಾಪನಗಳಿಗೆ ಸಿಗದ ಕಾಯಿಲೆಗಳೂ ಇವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯಿಂದ ರಾಜ್ಯದಲ್ಲಿ ಕಳೆದುಹೋಗುವ ವರ್ಷಗಳನ್ನು ಆರು ಕೋಟಿಗೂ ಹೆಚ್ಚು ಜನರ ಲೆಕ್ಕದಲ್ಲಿ ಹಾಕಿದರೆ ಅದು ಹೃದ್ರೋಗದ ಸಾಲಿನ ಪಕ್ಕದಲ್ಲಿ ದಶಮಾಂಶದ ಧೂಳಿನಂತೆ ಕಾಣುತ್ತದೆ. ತರಗೆಲೆ ಗುಡಿಸಲು ಕಾಡಿಗೆ ಹೋಗುವ ಮಲೆನಾಡಿನ ಕೆಲವು ಪಂಚಾಯಿತಿಗಳಿಗೆ ಮಾತ್ರ ಡಿಸೆಂಬರಿನಿಂದ ಮೇವರೆಗೆ ಅದಕ್ಕಿಂತ ದೊಡ್ಡ ಕಾಯಿಲೆಯಿಲ್ಲ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ತಿಂಗಳುಗಳಲ್ಲಿ ಬೇಕಾದ ಮೊದಲ ಸಂಖ್ಯೆ ಮನುಷ್ಯರದ್ದೇ ಅಲ್ಲ. ಯಾವ ಕಾಡಿನಂಚಿನಲ್ಲಿ, ಯಾವ ದಿನ, ಎಷ್ಟು ಮಂಗಗಳು ಸತ್ತು ಬಿದ್ದಿದ್ದವು ಎಂಬುದು.